ಕ್ಯಾಮೆರಾ ಹಾಕಿಸಬಹುದು, ಆದರೆ ಉತ್ತರ ಕೊಡೋರು ಯಾರು?

ಪ್ರಶ್ನೆ: ಮದ್ದೂರಿನ ಹತ್ತಿರ ನಮ್ಮದೊಂದು ಚಿಕ್ಕ ಗಾರ್ಮೆಂಟ್ಸ್ ಇದೆ. 120 ಜನ ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ದೊಡ್ಡ ಕಂಪನಿಗಳಿಂದ ಜಾಬ್ ವರ್ಕ್ ತಂದು ಹೊಲಿದು ಕೊಡುತ್ತೇವೆ. ಎಂಜಿನಿಯರಿಂಗ್ ಓದಿ ಬಂದ ನನ್ನ ಮಗ ಮೂರು ಹೊಸ ವ್ಯವಸ್ಥೆ ಹಾಕಿಸಬೇಕು ಅಂತಿದ್ದಾನೆ. ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ, ಯಾರು ಎಷ್ಟು ಹೊತ್ತು ಸೀಟಿನಲ್ಲಿ ಇರಲಿಲ್ಲ ಅಂತ ಲೆಕ್ಕ ಇಡುವ ಎಐ ಕ್ಯಾಮೆರಾ, ಕೆಲಸ ಕೇಳಿ ಬರುವವರ ಅರ್ಜಿಗೆ ನಂಬರ್ ಕೊಡುವ ಆ್ಯಪ್. ಮಾರಲು ಬಂದವರು "ಮನಸ್ಸಿಲ್ಲದೆ ಕೆಲಸ ಮಾಡೋರನ್ನೂ ಮುಖ ನೋಡಿ ಹೇಳುತ್ತೆ" ಅಂದರು. ವಿಷಯ ಹೇಗೋ ತಿಳಿದು ಹೆಂಗಸರು ಗೊಣಗುತ್ತಿದ್ದಾರೆ. ಫ್ಯಾಕ್ಟರಿ ನಮ್ಮದು, ಸಂಬಳ ಕೊಡುವವರು ನಾವು. ಇದರಲ್ಲಿ ತಪ್ಪೇನಿದೆ? ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಹಾಜರಿ ಯಂತ್ರ ಹಾಕಿಸಿ, ಆದರೆ ಕೆಳಗೆ ಹೇಳುವ ಷರತ್ತುಗಳಿಗೆ ಒಪ್ಪಿದರೆ ಮಾತ್ರ. ಸೀಟಿನ ಲೆಕ್ಕ ಇಡುವ ಕ್ಯಾಮೆರಾ ಬೇಡ. ಮುಖ ನೋಡಿ ಮನಸ್ಸು ಹೇಳುವುದಂತೂ ಬೇಡವೇ ಬೇಡ. ಅರ್ಜಿಗೆ ನಂಬರ್ ಕೊಡುವ ಆ್ಯಪ್ ನಿಮ್ಮ ಅಳತೆಯ ಫ್ಯಾಕ್ಟರಿಗೆ ಬೇಕಾಗೇ ಇಲ್ಲ.

ನಿಮ್ಮ ಕಷ್ಟ ನನಗೆ ಗೊತ್ತು. ಮೈಸೂರು, ಮಂಡ್ಯದ ಸಣ್ಣ ಕಾರ್ಖಾನೆಗಳಿಗೆ ಇಂಥ ವಿಷಯದಲ್ಲೇ ಸಲಹೆ ಕೊಡುವುದು ನನ್ನ ಕೆಲಸ. ಜಾಬ್ ವರ್ಕಿನಲ್ಲಿ ಪೀಸಿಗೆ ಸಿಗುವುದೇ ಕಡಿಮೆ. ಆರ್ಡರ್ ಕೊಟ್ಟ ಕಂಪನಿ ರೇಟಿನಲ್ಲಿ ಚೌಕಾಸಿ ಮಾಡುತ್ತದೆ, ತಾರೀಕು ಮಾತ್ರ ಒಂದು ದಿನವೂ ಮುಂದೆ ಹಾಕಲ್ಲ. ಸೋಮವಾರ ಬಂದರೆ ಲೈನಿನಲ್ಲಿ ಹತ್ತು ಮಷೀನು ಖಾಲಿ, ಊರಲ್ಲಿ ಮಾರಮ್ಮನ ಹಬ್ಬ ಅಂದರೆ ಅರ್ಧ ಬ್ಯಾಚೇ ಇರಲ್ಲ. ಒಬ್ಬರ ಕಾರ್ಡನ್ನು ಇನ್ನೊಬ್ಬರು ಪಂಚ್ ಮಾಡುವುದೂ ಇದೆ, ಇಲ್ಲ ಅನ್ನಲ್ಲ. ಹಾಗಾಗಿ ಯಂತ್ರ ಬೇಕು ಅನ್ನಿಸುವುದು ಸಹಜ. ನಾನು ಕೇಳುವುದು ಒಂದೇ. ಆ ಯಂತ್ರ ಒಬ್ಬ ಹೆಣ್ಣುಮಗಳ ಬಗ್ಗೆ ಏನೋ ಒಂದು ತೀರ್ಮಾನ ಮಾಡಿದಾಗ, ಆಕೆ ಬಂದು "ಯಾಕೆ?" ಅಂತ ಕೇಳಿದರೆ ಉತ್ತರ ಹೇಳುವ ಮನುಷ್ಯ ನಿಮ್ಮ ಫ್ಯಾಕ್ಟರಿಯಲ್ಲಿ ಯಾರು? ಆ ಹೆಸರು ನಿಮ್ಮ ಹತ್ತಿರ ಇದ್ದರೆ ಮುಂದಿನ ಮಾತು. ಇಲ್ಲದಿದ್ದರೆ ಯಂತ್ರ ಎಷ್ಟೇ ಒಳ್ಳೆಯದಿರಲಿ, ಬೇಡ.

ಇದು ಯಾಕೆ ಅಷ್ಟು ಮುಖ್ಯ ಅಂತ ಹಾಜರಿ ಯಂತ್ರದಿಂದಲೇ ನೋಡೋಣ.

ಮೈಸೂರಿನ ಒಂದು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿ ಗೇಟಿನಲ್ಲಿ ನಾನು ಕಂಡದ್ದು ಇದು. ಯಂತ್ರವನ್ನು ಪೂರ್ವಕ್ಕೆ ಮುಖ ಮಾಡಿ ಗೋಡೆಗೆ ಹಾಕಿದ್ದರು. ಬೆಳಗ್ಗೆ ಎಂಟೂಮುಕ್ಕಾಲಿಗೆ ಅದರ ಮುಂದೆ ನಿಂತವರ ಬೆನ್ನ ಹಿಂದೆ ನೇರ ಬಿಸಿಲು. ಅಂದರೆ ಯಂತ್ರಕ್ಕೆ ಕಾಣುವುದು ಮುಖದ ಜಾಗದಲ್ಲಿ ಒಂದು ಕಪ್ಪು ನೆರಳು. ನಲವತ್ತು ದಾಟಿದ ಒಬ್ಬರು ನಿಂತರು, ಕೆಂಪು ದೀಪ ಬಂತು. ಬೆವರು ಒರೆಸಿಕೊಂಡರು, ತಲೆ ಮೇಲಿನ ಸೆರಗು ತೆಗೆದರು, ಮತ್ತೆ ಕೆಂಪು. ಹಿಂದೆ ಉದ್ದ ಸಾಲು. "ಪಕ್ಕಕ್ಕೆ ನಿಂತ್ಕೊಳಮ್ಮ" ಅಂದ ಸೆಕ್ಯೂರಿಟಿ. "ನೆನ್ನೆ ಹಿಡೀತು ಕಣಣ್ಣ, ಇವತ್ತು ಯಾಕೋ ಹಿಡೀತಿಲ್ಲ" ಅಂದರು ಆಕೆ. ಎಲ್ಲರೂ ಒಳಗೆ ಹೋದ ಮೇಲೆ ಮತ್ತೆ ಸರದಿ ಬಂದಾಗ ಒಂಬತ್ತು ದಾಟಿತ್ತು. ಯಂತ್ರದ ಲೆಕ್ಕದಲ್ಲಿ ಲೇಟು, ಅರ್ಧ ಗಂಟೆ ಸಂಬಳ ಕಟ್. ಸೆಕ್ಯೂರಿಟಿ ಸೂಪರ್‌ವೈಸರ್‌ನ ಕೇಳಿ ಅಂದ, ಸೂಪರ್‌ವೈಸರ್ ಎಚ್‌ಆರ್ ಅಂದರು, ಎಚ್‌ಆರ್‌ನವರು ಸಾಫ್ಟ್‌ವೇರ್ ಕಂಪನಿಗೆ ಮೇಲ್ ಹಾಕಿದ್ದೀವಿ ಅಂದರು. ಸುಳ್ಳು ಯಾರೂ ಹೇಳಲಿಲ್ಲ. ಆದರೆ ಎಂಟೂಮುಕ್ಕಾಲಿಗೆ ಗೇಟಿನಲ್ಲಿದ್ದ ಹೆಣ್ಣುಮಗಳು ಒಂಬತ್ತಕ್ಕೆ ಇರಲಿಲ್ಲ ಅಂತ ದಾಖಲೆ ಆಯಿತು, ಅದನ್ನು ತಿದ್ದುವ ಅಧಿಕಾರ ಇರುವ ಒಬ್ಬರೂ ಆ ಕಟ್ಟಡದಲ್ಲಿ ಇರಲಿಲ್ಲ. ಹಾಜರಿ ಪುಸ್ತಕದ ಕಾಲದಲ್ಲಿ ಗುಮಾಸ್ತರ ಜೊತೆ ಜಗಳವಾದರೂ ಆಡಬಹುದಿತ್ತು, ಅಲ್ವಾ?

ಇದು ಬಿಸಿಲಿನ ವಿಷಯ ಮಾತ್ರ ಅಂದುಕೊಳ್ಳಬೇಡಿ. 2018ರಲ್ಲಿ ಜಾಯ್ ಬುವೊಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಅನ್ನುವ ಇಬ್ಬರು ಸಂಶೋಧಕಿಯರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ದೊಡ್ಡ ಕಂಪನಿಗಳ ಸಾಫ್ಟ್‌ವೇರುಗಳನ್ನು ಪರೀಕ್ಷೆ ಮಾಡಿದರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ಹೆಚ್ಚೆಂದರೆ 0.8 ಶೇಕಡಾ ತಪ್ಪು. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ 34.7 ಶೇಕಡಾವರೆಗೆ ತಪ್ಪು. ಆಮೇಲೆ ಸಾಫ್ಟ್‌ವೇರುಗಳು ಸುಧಾರಿಸಿವೆ, ನಿಜ. ಆದರೆ ಪಾಠ ಹಾಗೇ ಇದೆ. ಯಾರ ಫೋಟೋ ತೋರಿಸಿ ಯಂತ್ರಕ್ಕೆ ಕಲಿಸಿದರೋ ಅವರನ್ನು ಅದು ಚೆನ್ನಾಗಿ ಗುರುತಿಸುತ್ತದೆ. ನಿಮಗೆ ಮಾರಲು ಬಂದವರನ್ನು ಕೇಳಿ: ಇದನ್ನು ನಮ್ಮ ಕಡೆಯ ಹೆಂಗಸರ ಮೇಲೆ, ಈ ಬಿಸಿಲಿನಲ್ಲಿ, ಬೆವರಿದ ಮುಖದ ಮೇಲೆ ಪರೀಕ್ಷೆ ಮಾಡಿದ್ದೀರಾ? ಮಾಡಿದ್ದರೆ ಎಷ್ಟು ತಪ್ಪು ಬಂತು, ಬರೆದು ಕೊಡಿ ಅನ್ನಿ.

ಸರ್ಕಾರದ ಅನುಭವ ಕೂಡ ನಮ್ಮ ಕಣ್ಣ ಮುಂದೆಯೇ ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಥಂಬ್ ಕೊಟ್ಟರೆ ಹಿಡಿಯಲ್ಲ ಅಂತ ಅಲೆಯುವವರನ್ನು ನೀವೂ ನೋಡಿದ್ದೀರಿ. ಕಬ್ಬು ಕಡಿದು, ಸೌದೆ ಒಡೆದು ಬೆರಳ ತುದಿ ಸವೆದ ಅಜ್ಜಿ ತಾತಂದಿರಿಗೇ ಈ ಕಷ್ಟ ಜಾಸ್ತಿ. ನರೇಗಾ ಕೆಲಸದಲ್ಲಿ 2023ರ ಜನವರಿಯಿಂದ ಎಲ್ಲ ಕಡೆ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೋ ಹಾಕಿ ಹಾಜರಿ ತೆಗೆಯುವುದು ಕಡ್ಡಾಯ ಆಯಿತು. ನೆಟ್‌ವರ್ಕ್ ಸಿಗದೆ ಫೋಟೋ ಹೋಗದಿದ್ದರೆ ಮಾಡಿದ ಕೆಲಸದ ಕೂಲಿಗೇ ಕುತ್ತು. ಇತ್ತ ಮೋಸ ಮಾಡುವವರು ಫೋಟೋದ ಫೋಟೋ ತೆಗೆದು ಹಾಕಿದರು, ಸಂಬಂಧವೇ ಇಲ್ಲದ ಚಿತ್ರ ಹಾಕಿದರು. ಇದನ್ನು 2025ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದು ಎಚ್ಚರಿಸಿತು. ಮೋಸ ತಡೆಯಲು ತಂದ ವ್ಯವಸ್ಥೆಯಲ್ಲಿ ಮೋಸ ಮಾಡುವವರು ದಾರಿ ಹುಡುಕಿಕೊಂಡರು, ನಿಯತ್ತಾಗಿ ಗುದ್ದಲಿ ಹಿಡಿದವರು ಸಿಕ್ಕಿಹಾಕಿಕೊಂಡರು. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಹಾಗಾದರೆ ನನ್ನ ಷರತ್ತು ಏನು? ಯಂತ್ರದ ಪಕ್ಕದಲ್ಲೇ ಒಂದು ಪುಸ್ತಕ ಇರಲಿ. ಯಂತ್ರ ಗುರುತಿಸದಿದ್ದರೆ ಆ ಕ್ಷಣವೇ ಪುಸ್ತಕದಲ್ಲಿ ಹೆಸರು, ಸಮಯ, ಸಹಿ. ಸಂಬಳದ ಲೆಕ್ಕಕ್ಕೆ ಆ ಪುಸ್ತಕವೇ ಕೊನೆಯ ಮಾತು. ಮುಖ ಕೊಡಲು ಇಷ್ಟವಿಲ್ಲದವರಿಗೆ ಕಾರ್ಡ್ ಇರಲಿ. ತಪ್ಪಾದರೆ ತಿದ್ದುವ ಅಧಿಕಾರ ಇರುವ ಒಬ್ಬರು ಗೇಟಿನ ಹತ್ತಿರವೇ ಇರಲಿ, ಅವರ ಹೆಸರು, ಫೋನ್ ನಂಬರ್ ಕನ್ನಡದಲ್ಲಿ ಬೋರ್ಡಿನ ಮೇಲೆ ಇರಲಿ. ಮೊದಲ ಮೂರು ತಿಂಗಳು ಯಂತ್ರದ ಲೆಕ್ಕದ ಮೇಲೆ ಒಂದು ರೂಪಾಯಿಯೂ ಕಡಿತ ಬೇಡ. ಎರಡೂ ಲೆಕ್ಕ ಅಕ್ಕಪಕ್ಕ ಇಟ್ಟು ನೋಡಿ, ಯಂತ್ರ ಎಷ್ಟು ತಪ್ಪುತ್ತದೆ, ಯಾರ ವಿಷಯದಲ್ಲಿ ತಪ್ಪುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಮತ್ತೆ, ದಯವಿಟ್ಟು ಬಿಸಿಲು ಎಲ್ಲಿಂದ ಬರುತ್ತದೆ ಅಂತ ನೋಡಿ ಗೋಡೆ ಆರಿಸಿ.

"ಕಂಪ್ಯೂಟರ್ ಸುಳ್ಳು ಹೇಳುತ್ತಾ?" ಅಂತ ನಿಮ್ಮ ಮಗ ಕೇಳಬಹುದು. ಅವರಿಗೆ ಬ್ರಿಟನ್ನಿನ ಅಂಚೆ ಇಲಾಖೆಯ ಕಥೆ ಹೇಳಿ. 1999ರಿಂದ ಅಲ್ಲಿನ ಅಂಚೆ ಕಚೇರಿಗಳಲ್ಲಿ ಹೊರೈಜನ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಬಂತು. ಮಾಡಿಕೊಟ್ಟದ್ದು ಫುಜಿತ್ಸು ಕಂಪನಿ. ಸಾಫ್ಟ್‌ವೇರಿನಲ್ಲಿ ದೋಷ ಇತ್ತು, ಗಲ್ಲಾದಲ್ಲಿ ಹಣ ಕಡಿಮೆ ಇದೆ ಅಂತ ತಪ್ಪು ಲೆಕ್ಕ ತೋರಿಸುತ್ತಿತ್ತು. ಅದರ ಪೆಟ್ಟು ಬಿದ್ದದ್ದು ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ಅಂಗಡಿಯ ಜೊತೆ ಅಂಚೆ ಕಚೇರಿ ನಡೆಸುತ್ತಿದ್ದ ಸಾಮಾನ್ಯ ಜನರಿಗೆ. ಸಹಾಯ ಕೇಳಿ ಫೋನ್ ಮಾಡಿದರೆ "ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ" ಅನ್ನುವ ಉತ್ತರ. ಎಷ್ಟೋ ಜನ ಕೈಯಿಂದ ಹಣ ತುಂಬಿದರು, ಮನೆ ಕಳೆದುಕೊಂಡರು, ಕೆಲವರು ಜೈಲಿಗೆ ಹೋದರು, ಕೆಲವರು ಪ್ರಾಣ ಕಳೆದುಕೊಂಡರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಅವರನ್ನು ಒಟ್ಟಿಗೆ ದೋಷಮುಕ್ತ ಮಾಡಲು 2024ರಲ್ಲಿ ಬ್ರಿಟನ್ನಿನ ಸಂಸತ್ತು ಹೊಸ ಕಾನೂನೇ ಮಾಡಬೇಕಾಯಿತು. ಯಂತ್ರದ ಮಾತು ಮತ್ತು ಮನುಷ್ಯರ ಮಾತು ಎದುರುಬದುರು ಬಂದಾಗ ಯಂತ್ರದ್ದೇ ನಿಜ ಅಂತ ಮೇಲಿನವರು ಮೊದಲೇ ತೀರ್ಮಾನ ಮಾಡಿದ್ದರು. ಸಾಫ್ಟ್‌ವೇರಿನ ದೋಷಕ್ಕಿಂತ ಆ ತೀರ್ಮಾನವೇ ಜನರನ್ನು ಹಾಳು ಮಾಡಿದ್ದು ಅಂತ ನನ್ನ ಅಭಿಪ್ರಾಯ.

ಈಗ ಸೀಟಿನ ಕ್ಯಾಮೆರಾ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವು ಗೊತ್ತಿಲ್ಲದೆ ಕಾನೂನಿನ ಕೈಗೂ ಸಿಕ್ಕಿಬೀಳುವ ಜಾಗ ಇದು.

ನಿಮ್ಮಲ್ಲಿ 120 ಜನ ಇದ್ದಾರೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಅಂತ 2017ರ ತಿದ್ದುಪಡಿಯಿಂದ ಹೆರಿಗೆ ಸೌಲಭ್ಯ ಕಾನೂನಿಗೆ ಸೇರಿತು. ಮಗುವಿಗೆ 15 ತಿಂಗಳಾಗುವವರೆಗೆ ಹಾಲು ಕುಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು ಅನ್ನುವುದು ಅದಕ್ಕೂ ಹಳೆಯದು. ಹೊಸ ಕಾರ್ಮಿಕ ಸಂಹಿತೆಯಲ್ಲೂ ಇವು ಉಳಿದಿವೆ. ಈಗ ಹೇಳಿ, ಹತ್ತು ತಿಂಗಳ ಮಗು ಇರುವ ಟೈಲರ್ ಒಬ್ಬರು ಹಾಲು ಕುಡಿಸಲು ಎದ್ದು ಹೋದರೆ ನಿಮ್ಮ ಕ್ಯಾಮೆರಾ ಅದನ್ನು ಏನಂತ ಬರೆಯುತ್ತದೆ? ಸೀಟಿನಲ್ಲಿ ಇಲ್ಲ, ಇಪ್ಪತ್ತು ನಿಮಿಷ ಸುಮ್ನೆ ಕಳೆದರು. ತಿಂಗಳ ಕೊನೆಗೆ ಎಲ್ಲರಿಗಿಂತ ಜಾಸ್ತಿ ಎದ್ದುಹೋದವರ ಪಟ್ಟಿ ಬರುತ್ತದೆ. ಅದರಲ್ಲಿ ಮೇಲೆ ಇರುವವರು ಎಳೆ ಮಕ್ಕಳ ತಾಯಂದಿರು, ಬಸುರಿಯರು, ಸಕ್ಕರೆ ಕಾಯಿಲೆ ಇರುವವರು, ಆ ದಿನಗಳಲ್ಲಿ ಹೊಟ್ಟೆನೋವಿನಿಂದ ಒದ್ದಾಡುವವರು. ನಿಮ್ಮ ಸೂಪರ್‌ವೈಸರ್ ಕೆಟ್ಟವರೇ ಆಗಬೇಕಿಲ್ಲ. ಪಟ್ಟಿ ಕೈಗೆ ಬಂದರೆ ಸಾಕು, ಟಾರ್ಗೆಟ್ ತಪ್ಪಿದ ದಿನ ಅವರ ಕಣ್ಣು ಮೊದಲು ಹೋಗುವುದು ಆ ಹೆಸರುಗಳ ಮೇಲೆ.

ಇನ್ನೊಂದು ಆಗುತ್ತದೆ, ಅದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಹೆಂಗಸರು ನೀರು ಕುಡಿಯುವುದು ಕಡಿಮೆ ಮಾಡುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ದುಡಿದ ಯಾರನ್ನು ಬೇಕಾದರೂ ಕೇಳಿ, ಬಾತ್‌ರೂಮಿಗೆ ಎದ್ದರೆ ಬೈಸಿಕೊಳ್ಳಬೇಕು ಅಂತ ಬೆಳಗ್ಗೆಯಿಂದ ನೀರೇ ಮುಟ್ಟದೆ ಕೂತ ದಿನಗಳ ಬಗ್ಗೆ ಹೇಳುತ್ತಾರೆ. ಉರಿಮೂತ್ರ, ಸೋಂಕು, ಆಮೇಲೆ ಇಎಸ್‌ಐ ಆಸ್ಪತ್ರೆಯ ಕ್ಯೂ, ಅದಕ್ಕೆ ಒಂದು ದಿನದ ರಜೆ. ಬೈಯುವ ಸೂಪರ್‌ವೈಸರ್ ಸಂಜೆಗೆ ಸುಸ್ತಾಗುತ್ತಾರೆ, ಆ ಕಡೆ ತಿರುಗುತ್ತಾರೆ, ಕೆಲವೊಮ್ಮೆ ಪಾಪ ಅನ್ನುತ್ತಾರೆ. ಕ್ಯಾಮೆರಾ ಆ ಕಡೆ ತಿರುಗುವುದೇ ಇಲ್ಲ.

ಫ್ರಾನ್ಸ್‌ನಲ್ಲಿ ಇದೇ ವಿಷಯ ವಿಚಾರಣೆಗೆ ಬಂದಿತ್ತು. ಅಲ್ಲಿನ ಅಮೆಜಾನ್ ಗೋದಾಮುಗಳಲ್ಲಿ ಕೆಲಸಗಾರರ ಕೈಯಲ್ಲಿರುವ ಸ್ಕ್ಯಾನರ್ ಅವರ ಪ್ರತಿ ಚಲನೆಯ ಲೆಕ್ಕ ಇಡುತ್ತಿತ್ತು. ಹತ್ತು ನಿಮಿಷ ಸ್ಕ್ಯಾನ್ ಮಾಡದಿದ್ದರೆ ಒಂದು ಗುರುತು. ಒಂದು ವಸ್ತು ಸ್ಕ್ಯಾನ್ ಮಾಡಿ 1.25 ಸೆಕೆಂಡಿಗಿಂತ ಬೇಗ ಇನ್ನೊಂದು ಮಾಡಿದರೆ, ಆತುರದಲ್ಲಿ ತಪ್ಪು ಮಾಡಬಹುದು ಅಂತ ಅದಕ್ಕೂ ಒಂದು ಗುರುತು. ನಿಧಾನ ಆದರೂ ತಪ್ಪು, ಬೇಗ ಆದರೂ ತಪ್ಪು. ಅಲ್ಲಿನ ಮಾಹಿತಿ ರಕ್ಷಣಾ ಪ್ರಾಧಿಕಾರ ಇದು ಅತಿಯಾಯಿತು ಅಂತ 3.2 ಕೋಟಿ ಯೂರೋ ದಂಡ ಹಾಕಿತು, 2024ರ ಜನವರಿಯಲ್ಲಿ ಅದು ಹೊರಗೆ ಬಂತು. ಗೋದಾಮು ನಡೆಸಲು ಒಟ್ಟು ಲೆಕ್ಕ ಸಾಕು, ಒಬ್ಬೊಬ್ಬರ ಸೆಕೆಂಡಿನ ಲೆಕ್ಕ ಯಾಕೆ ಬೇಕು ಅನ್ನುವುದು ಆ ಆದೇಶದ ಒಟ್ಟು ತಿರುಳು.

ನಿಮಗೂ ಅದನ್ನೇ ಹೇಳುತ್ತೇನೆ. ಪೀಸು ಯಾಕೆ ಕಡಿಮೆ ಬರುತ್ತಿದೆ ಅಂತ ನಿಮಗೆ ತಿಳಿಯಬೇಕು ತಾನೆ? ಹಾಗಾದರೆ ಹೆಂಗಸರನ್ನು ಬಿಟ್ಟು ಬಟ್ಟೆಯನ್ನು ಹಿಂಬಾಲಿಸಿ. ಪ್ರತಿ ಬಂಡಲ್‌ಗೆ ಒಂದು ಕ್ಯೂಆರ್ ಚೀಟಿ ಅಂಟಿಸಿ, ಯಾವ ಹಂತದಲ್ಲಿ ಎಷ್ಟು ಹೊತ್ತು ನಿಂತಿತ್ತು ನೋಡಿ. ನಾನು ನೋಡಿದ ಸಣ್ಣ ಘಟಕಗಳಲ್ಲಿ ಹೊತ್ತು ಹೋಗುವುದು ಹೆಚ್ಚಾಗಿ ಇಲ್ಲಿ: ಕಾಲರ್ ಲೈನಿಗೆ ಹೊಲಿಯಬೇಕಾದ ಬಟ್ಟೆಯ ತುಂಡುಗಳು ಬಂದಿರಲ್ಲ, ಓವರ್‌ಲಾಕ್ ಮಷೀನು ಕೆಟ್ಟು ಮೆಕ್ಯಾನಿಕ್ ಬರುವವರೆಗೆ ಕಾಯಬೇಕು, ದಾರ ಪದೇ ಪದೇ ತುಂಡಾಗುತ್ತದೆ, ಚೆಕಿಂಗಿನಲ್ಲಿ ಬಿದ್ದ ಪೀಸು ವಾಪಸ್ ಬಂದು ಸಾಲು ಕಟ್ಟುತ್ತದೆ, ಕರೆಂಟು ಹೋಗುತ್ತದೆ. ಇವನ್ನೆಲ್ಲ ಸರಿಮಾಡಿದರೆ ಬರುವ ಪೀಸಿನ ಮುಂದೆ ಬಾತ್‌ರೂಮಿನ ಐದು ನಿಮಿಷ ಲೆಕ್ಕಕ್ಕೇ ಇಲ್ಲ. ನಿಮ್ಮ ಮಗ ಎಂಜಿನಿಯರು, ಈ ಕೆಲಸ ಅವರಿಗೆ ಚೆನ್ನಾಗಿ ಬರುತ್ತದೆ. ಬೆಂಕಿ, ಕಳ್ಳತನ, ಸುರಕ್ಷತೆಗೆ ಗೇಟು, ಗೋಡೌನು, ಮೆಟ್ಟಿಲ ಹತ್ತಿರ ಸಾಮಾನ್ಯ ಸಿಸಿಟಿವಿ ಇರಲಿ, ಅದಕ್ಕೆ ಯಾರ ತಕರಾರೂ ಇಲ್ಲ.

ಮುಖ ನೋಡಿ ಮನಸ್ಸು ಹೇಳುವ ಸಾಫ್ಟ್‌ವೇರಿಗೆ ಜಾಸ್ತಿ ಮಾತು ಬೇಡ. ರಾತ್ರಿ ಮಗುವಿಗೆ ಜ್ವರ ಅಂತ ನಿದ್ದೆಗೆಟ್ಟು ಬಂದವರ ಮುಖ, ಮನೆಯಲ್ಲಿ ಹೊಡೆಸಿಕೊಂಡು ಬಂದವರ ಮುಖ, ಸುಮ್ನೆ ಗಂಭೀರವಾಗಿ ಕೆಲಸ ಮಾಡುವವರ ಮುಖ, ಮೂರನ್ನೂ ಅದು ಒಂದೇ ಹೆಸರಿನಲ್ಲಿ ಕರೆಯುತ್ತದೆ. ಯುರೋಪಿನ ಒಕ್ಕೂಟ ತನ್ನ ಎಐ ಕಾನೂನಿನಲ್ಲಿ ಕೆಲಸದ ಜಾಗದಲ್ಲೂ ಶಾಲೆಯಲ್ಲೂ ಭಾವನೆ ಪತ್ತೆ ಮಾಡುವುದನ್ನು ನಿಷೇಧ ಮಾಡಿತು. ಚಿಕಿತ್ಸೆ, ಸುರಕ್ಷತೆಯಂಥ ಕಾರಣಕ್ಕೆ ಮಾತ್ರ ವಿನಾಯಿತಿ. 2025ರ ಫೆಬ್ರವರಿ 2ರಿಂದ ಅದು ಜಾರಿಯಲ್ಲಿದೆ. ಆ ಕಾನೂನು ಮದ್ದೂರಿಗೆ ಅನ್ವಯ ಆಗುವುದಿಲ್ಲ, ಗೊತ್ತು. ಅಲ್ಲಿ ಮಾರಬಾರದು ಅಂದದ್ದನ್ನು ಇಲ್ಲಿ ನಮ್ಮ ಹೆಣ್ಣುಮಕ್ಕಳ ಮೇಲೆ ಯಾಕೆ ಬಳಸಬೇಕು ಅಂತ ಕೇಳುತ್ತಿದ್ದೇನೆ.

ಅರ್ಜಿಗೆ ನಂಬರ್ ಕೊಡುವ ಆ್ಯಪ್ ನೋಡಲು ಎಲ್ಲಕ್ಕಿಂತ ಸಾಧು. ಅಪಾಯ ಒಳಗಿದೆ. ಇಂಥ ಆ್ಯಪ್ ಕಲಿಯುವುದು ಹಿಂದೆ ಯಾರನ್ನು ತೆಗೆದುಕೊಂಡಿರಿ, ಯಾರು ಉಳಿದರು ಅನ್ನುವ ಹಳೆಯ ದಾಖಲೆಯಿಂದ. ಅಮೆಜಾನ್ ಕಂಪನಿಯೇ ಹೀಗೆ ಒಂದು ಸಾಫ್ಟ್‌ವೇರ್ ಮಾಡಿಕೊಂಡಿತ್ತು. ಹತ್ತು ವರ್ಷದ ಹಳೆಯ ಅರ್ಜಿಗಳಿಂದ ಕಲಿಸಿದರು. ಆ ಅರ್ಜಿಗಳಲ್ಲಿ ಗಂಡಸರೇ ಜಾಸ್ತಿ ಇದ್ದುದರಿಂದ, ಅರ್ಜಿಯಲ್ಲಿ ಮಹಿಳೆಯರ ಸಂಘ, ಮಹಿಳೆಯರ ತಂಡ ಅಂತ ಏನಾದರೂ ಕಂಡರೆ ಅದು ಅಂಕ ಕಡಿಮೆ ಮಾಡುತ್ತಿತ್ತು. ಸರಿಮಾಡಲು ನೋಡಿ, ನಂಬಿಕೆ ಬರದೆ ಕೈಬಿಟ್ಟರು. ಈ ವಿಷಯ 2018ರಲ್ಲಿ ಹೊರಬಂತು.

ನಮ್ಮ ಕಡೆಗೆ ಬಂದರೆ ಹೆಂಗಸು ಗಂಡಸು ಅನ್ನುವುದಕ್ಕಿಂತ ದೊಡ್ಡದು ಜಾತಿ. ಮಂಡ್ಯ, ಮೈಸೂರಿನಲ್ಲಿ ಒಬ್ಬರ ಹೆಸರು, ಅಪ್ಪನ ಹೆಸರು, ಊರು, ಬೀದಿ ಹೇಳಿದರೆ ಜಾತಿ ಊಹಿಸಲು ಎಷ್ಟು ಹೊತ್ತು ಬೇಕು? ಯಂತ್ರಕ್ಕೆ ಜಾತಿಯ ಕಾಲಂ ಇಲ್ಲದಿರಬಹುದು. ಆದರೆ ಹಿಂದೆ ಇದ್ದ ಮೇಸ್ತ್ರಿ ಒಬ್ಬರು ಕೆಲವು ಬೀದಿಯವರನ್ನು ಟೈಲರ್ ಆಗಿ ತೆಗೆದುಕೊಳ್ಳದೆ ಬರೀ ಹೆಲ್ಪರ್ ಕೆಲಸಕ್ಕೆ ಇಟ್ಟಿದ್ದರೆ, ಆ ಊರು, ಆ ಬೀದಿಯ ವಿಳಾಸಕ್ಕೆ ಕಡಿಮೆ ನಂಬರ್ ಕೊಡಬೇಕು ಅಂತ ಯಂತ್ರ ತಾನೇ ಕಲಿತುಕೊಳ್ಳುತ್ತದೆ. ಅದೇ ರೀತಿ, ಮದುವೆಯಾಗಿ ಬೇಗ ಬಿಟ್ಟು ಹೋದವರು ಜಾಸ್ತಿ ಇದ್ದರೆ ಇಪ್ಪತ್ತೆರಡು ವಯಸ್ಸಿನವರ ಅರ್ಜಿಯೇ ಕೆಳಗೆ ಹೋಗುತ್ತದೆ. ಮನುಷ್ಯರು ಹೀಗೆ ಮಾಡಿದರೆ ಭೇದಭಾವ ಅಂತ ಹಿಡಿದು ಕೇಳಬಹುದು. ಪರದೆ ಮೇಲೆ 41 ಅಂತ ನಂಬರ್ ಬಂದರೆ ಯಾರನ್ನು ಕೇಳುವುದು? ನಿಮ್ಮಲ್ಲಿ ಕೆಲಸಕ್ಕೆ ಬೇಕಾದದ್ದು ಮಷೀನಿನ ಮೇಲೆ ಕೂರಿಸಿ ಒಂದು ನೇರ ಹೊಲಿಗೆ, ಒಂದು ತೋಳು ಹಾಕಿಸಿ ನೋಡುವುದು. ಅರ್ಧ ಗಂಟೆಯ ಕೆಲಸ. ಅದನ್ನೇ ಮುಂದುವರಿಸಿ.

"ಯಂತ್ರದ ತಪ್ಪೇನಿದೆ, ಬಳಸುವವರ ಮೇಲಿದೆ" ಅನ್ನುವ ಮಾತು ನಿಮ್ಮ ಮನೆಯಲ್ಲಿ ಬಂದೇ ಬರುತ್ತದೆ. ಅರ್ಧ ನಿಜ. ಆದರೆ ನಮ್ಮ ಜಿಲ್ಲೆ ಈ ಅರ್ಧ ನಿಜಕ್ಕೆ ಏನು ಬೆಲೆ ಕೊಟ್ಟಿದೆ ನೆನಪಿಸಿಕೊಳ್ಳಿ. 2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಹಿಡಿದರು. ಬೆಲ್ಲ ಬೇಯುವ ಜಾಗದಲ್ಲಿ! ಅದೇ ಥರದ ಯಂತ್ರ ಆಸ್ಪತ್ರೆಯಲ್ಲಿ ಎಷ್ಟೋ ತಾಯಿ ಮಕ್ಕಳ ಜೀವ ಉಳಿಸುತ್ತದೆ. ಅದಕ್ಕೇ 1994ರ ಲಿಂಗಪತ್ತೆ ನಿಷೇಧ ಕಾನೂನು ಯಂತ್ರವನ್ನೇ ನಿಷೇಧ ಮಾಡಲಿಲ್ಲ. ಯಂತ್ರ ಇಡುವ ಕೇಂದ್ರ ನೋಂದಣಿ ಆಗಿರಬೇಕು, ನೋಂದಣಿ ಇಲ್ಲದವರಿಗೆ ಯಂತ್ರ ಮಾರುವಂತಿಲ್ಲ, ಬಸುರಿಗೆ ಮಾಡುವ ಪ್ರತಿ ಸ್ಕ್ಯಾನಿಗೂ ಕಾರಣ ಬರೆದ ಫಾರಂ, ಡಾಕ್ಟರ ಸಹಿ, ಬಾಗಿಲಲ್ಲಿ ಎಲ್ಲರಿಗೂ ಕಾಣುವ ಬೋರ್ಡ್. ಅಂದರೆ ಪ್ರತಿ ಬಳಕೆಗೂ ಉತ್ತರ ಹೇಳುವ ಒಬ್ಬ ಮನುಷ್ಯ ಇರಬೇಕು ಅಂತ ಕಾನೂನು ಕಟ್ಟಿಹಾಕಿತು. ಆಲೆಮನೆಯಲ್ಲಿ ಇದ್ದದ್ದು ಅದೇ ವಿಜ್ಞಾನ, ಇಲ್ಲದಿದ್ದದ್ದು ಆ ಪುಸ್ತಕ, ಆ ಸಹಿ, ಆ ಬೋರ್ಡ್. ನಾನು ನಿಮ್ಮ ಹಾಜರಿ ಯಂತ್ರದ ಪಕ್ಕ ಪುಸ್ತಕ ಇಡಿ, ಹೆಸರು ಬರೆದ ಬೋರ್ಡ್ ಹಾಕಿ ಅಂದದ್ದು ಇದೇ ಕಾರಣಕ್ಕೆ.

ಇನ್ನು ಮಾಹಿತಿ ಯಾರದ್ದು ಅನ್ನುವ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆಮೇಲೆ 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣಾ ಕಾನೂನು ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಹೆಚ್ಚಿನ ಹೊಣೆಗಳು 18 ತಿಂಗಳ ಬಳಿಕ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರಲಿವೆ. ಈ ಕಾನೂನು ಉದ್ಯೋಗಕ್ಕೆ ಬೇಕಾದ ಕೆಲವು ಮಾಹಿತಿಯನ್ನು ಒಪ್ಪಿಗೆ ಇಲ್ಲದೆಯೂ ಬಳಸಲು ಮಾಲೀಕರಿಗೆ ಅವಕಾಶ ಕೊಡುತ್ತದೆ, ನಿಮ್ಮ ಮಗ ಇದನ್ನು ಓದಿರಬಹುದು. ಆದರೆ ಮಾಹಿತಿ ಸೋರಿಹೋಗದಂತೆ ಕಾಪಾಡುವ ಹೊಣೆ ನಿಮ್ಮದೇ, ಸಾಫ್ಟ್‌ವೇರ್ ಕಂಪನಿಯ ಸರ್ವರ್‌ನಲ್ಲಿ ಸೋರಿದರೂ ಮೊದಲು ಕೇಳುವುದು ನಿಮ್ಮನ್ನೇ. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ನಿಮಗೆ ಅಷ್ಟು ಹಾಕಲಾರರು, ಆದರೆ ಕಾನೂನು ಇದನ್ನು ಎಷ್ಟು ಗಂಭೀರವಾಗಿ ನೋಡುತ್ತದೆ ಅಂತ ತಿಳಿಯಿರಿ.

ಸೋರುವುದು ಕಲ್ಪನೆಯ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಬಯೋಸ್ಟಾರ್ 2 ಅನ್ನುವ, ಬಾಗಿಲು ಮತ್ತು ಹಾಜರಿಗೆ ಬಳಸುವ ವ್ಯವಸ್ಥೆಯ ಮಾಹಿತಿ ರಕ್ಷಣೆಯೇ ಇಲ್ಲದೆ ಇಂಟರ್ನೆಟ್ಟಿನಲ್ಲಿ ತೆರೆದು ಬಿದ್ದಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನರ ಬೆರಳಚ್ಚು ಅದರಲ್ಲಿತ್ತು ಅಂತ ಪತ್ತೆ ಮಾಡಿದ ಸಂಶೋಧಕರು ಹೇಳಿದರು, ಮುಖದ ಮಾಹಿತಿಯೂ ಇತ್ತು. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು. ಇದನ್ನು ಬದಲಾಯಿಸೋಕಾಗುತ್ತಾ?

ಅದಕ್ಕೇ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೆಲವು ಮಾತು ಕನ್ನಡದಲ್ಲೇ ಬರೆಸಿಕೊಳ್ಳಿ. ಮುಖದ ಮಾಹಿತಿ ನಿಮ್ಮ ಫ್ಯಾಕ್ಟರಿಯ ಯಂತ್ರದಲ್ಲೇ ಇರಬೇಕು, ಅವರ ಸರ್ವರ್‌ಗೆ ಹೋಗಬಾರದು. ಅವರ ಸಾಫ್ಟ್‌ವೇರಿಗೆ ಕಲಿಸಲು ಈ ಹೆಂಗಸರ ಮುಖ ಬಳಸಬಾರದು. ಕೆಲಸ ಬಿಟ್ಟವರ ಮಾಹಿತಿ ಇಷ್ಟು ದಿನದೊಳಗೆ ಅಳಿಸಬೇಕು, ಅಳಿಸಿದ್ದಕ್ಕೆ ಪತ್ರ ಕೊಡಬೇಕು. ಪಿಎಫ್, ಇಎಸ್‌ಐಗೆ ಅಂತ ಹೆಂಗಸರು ಕೊಟ್ಟ ಆಧಾರ್ ಪ್ರತಿಯನ್ನು ಹಾಜರಿ ಕಂಪನಿಗೆ ಯಾವ ಕಾರಣಕ್ಕೂ ಕೊಡಬೇಡಿ. ಅವರು ಅದನ್ನು ಕೊಟ್ಟದ್ದು ಆ ಕೆಲಸಕ್ಕೆ ಮಾತ್ರ.

ಕೊನೆಯದಾಗಿ ಹೆಂಗಸರ ಗೊಣಗಾಟ. ಅದನ್ನು ತೊಂದರೆ ಅಂತ ನೋಡಬೇಡಿ, ನಿಮಗೆ ಪುಕ್ಕಟೆ ಸಿಕ್ಕಿರುವ ಸಲಹೆ ಅದು. 2016ರ ಏಪ್ರಿಲ್ ನೆನಪಿದೆಯಾ? ಪಿಎಫ್ ಹಣ ತೆಗೆಯುವ ನಿಯಮವನ್ನು ದೆಹಲಿಯಲ್ಲಿ ಕೂತು ಬದಲಾಯಿಸಿದರು, ಮಾಲೀಕರ ಪಾಲಿನ ಹಣ 58 ವರ್ಷದವರೆಗೆ ಸಿಗಲ್ಲ ಅಂದರು. ಆ ಹಣದಿಂದ ಮಗಳ ಮದುವೆ, ಮನೆಯ ಸಾಲ ನಡೆಸುವವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು, ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ಪಡೆಯಿತು. ಮೊದಲೇ ಕೇಳಿದ್ದರೆ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ.

ನೀವು ಮೊದಲೇ ಕೇಳಿ. ಸಭೆ ಡ್ಯೂಟಿಯ ಹೊತ್ತಿನಲ್ಲೇ ಇಡಿ, ಆರು ಗಂಟೆ ಮೇಲೆ ಇಟ್ಟರೆ ಬಸ್ಸು ತಪ್ಪುತ್ತದೆ ಅಂತ ಯಾರೂ ಬಾಯಿ ಬಿಡಲ್ಲ. ಸೂಪರ್‌ವೈಸರ್‌ಗಳು ಆ ಹೊತ್ತು ಹೊರಗಿರಲಿ. ಯಂತ್ರ ತಂದು ತೋರಿಸಿ, ಅದು ಏನು ನೋಡುತ್ತದೆ, ಏನು ಬರೆದಿಟ್ಟುಕೊಳ್ಳುತ್ತದೆ, ಯಾರು ಅದನ್ನು ಓದಬಹುದು ಅಂತ ನಿಮ್ಮ ಮಗನೇ ನಿಂತು ಹೇಳಲಿ. ಅವರು ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಮಾರುವವರಿಂದ ಬರೆಸಿ ತಂದು ನೋಟಿಸ್ ಬೋರ್ಡಿಗೆ ಹಾಕಿ. ಅವರಲ್ಲೇ ಮೂವರನ್ನು ಅವರೇ ಆರಿಸಲಿ. ತಿಂಗಳಿಗೊಮ್ಮೆ ಹಾಜರಿ ಪುಸ್ತಕ ಮತ್ತು ಯಂತ್ರದ ಲೆಕ್ಕ ಎರಡನ್ನೂ ಆ ಮೂವರ ಮುಂದೆ ಇಟ್ಟು ತಾಳೆ ನೋಡಿ, ಅದಾದ ಮೇಲೆ ಸಂಬಳದ ಶೀಟಿಗೆ ಸಹಿ ಹಾಕಿ. ಮಾರಾಟಗಾರರ ಒಪ್ಪಂದದ ಕರಡು ಬಂದಾಗ ನನಗೂ ಒಂದು ಪ್ರತಿ ಕಳಿಸಿ. ಮಾಹಿತಿ ಅಳಿಸುವ ಷರತ್ತು ಮತ್ತು ಸರ್ವರ್‌ನ ಷರತ್ತು ಹೇಗೆ ಬರೆದಿದ್ದಾರೆ ಅಂತ ಓದಿ, ತಿದ್ದುವುದಿದ್ದರೆ ತಿದ್ದಿ ಕಳಿಸುತ್ತೇನೆ.